ಸ್ಟುಡಿಯೊ ಕೆಲಸ

ಯಳಂದೂರಿನ ಹತ್ತಿರದ ಹಳ್ಳಿಯೊಂದರ ತಂಬೂರಿಯವರೊಬ್ಬರಿಗೆ ಸ್ಟುಡಿಯೊದಲ್ಲಿ ಕೆಲಸ ಬೇಕಾಗಿದೆ. ವಯಸ್ಸು ಎಪ್ಪತ್ತರ ಆಸುಪಾಸು. ಮಂಟೇಸ್ವಾಮಿ ಒಕ್ಕಲಿನ, ತಂಬೂರಿ ಹಿಡಿದು ಕತೆ ಹಾಡುವ ನೀಲಗಾರರು. ಸಿದ್ದಪ್ಪಾಜಿ, ಮಾದಪ್ಪ, ಬಿಳಿಗಿರಿರಂಗ, ನಂಜುಂಡ, ಯಾರ ಕತೆ ಕೇಳಿದರೂ ರಾತ್ರಿ ಊಟದ ಮೇಲೆ ಕೂತು ಕೋಳಿ ಕೂಗುವ ಹೊತ್ತಿಗೆ ಮಂಗಳ ಹಾಡಿ ಏಳುವಂಥವರು. ಕ್ಯಾಸೆಟ್ಟಿನ ಕಾಲದಲ್ಲಿ ಬೆಂಗಳೂರಿಗೆ ಹೋಗಿ ಗಾಜಿನ ಕೋಣೆಯೊಳಗೆ ಹಾಡಿ ಬಂದಿದ್ದಾರೆ. ಆ ಕಡೆಯಿಂದ ಕರೆ ಬಂದು ಈಗ ಎಷ್ಟೋ ವರ್ಷವಾಯಿತು. ಕೊಳ್ಳೇಗಾಲಕ್ಕೆ ಏನಾದರೂ ಕೆಲಸಕ್ಕೆ ಬಂದರೆ ನಮ್ಮ ಮನೆಗೂ ಬಂದು, ಜಗುಲಿಯಲ್ಲಿ ಕೂತು, ಅವರಿವರ ಸಮಾಚಾರ ಹೇಳಿ, ಹೊರಡುವಾಗ ಈ ಮಾತು ಎತ್ತುತ್ತಾರೆ: "ಎಲ್ಲಾರ ಸ್ಟುಡಿಯೊ ಕೆಲ್ಸ ಇದ್ರ ಯೋಳಿ ಮೇಷ್ಟ್ರೆ. ದನಿ ಇನ್ನೂ ಗಟ್ಟಿಯಾಗೇ ಅದ."

ದನಿ ಗಟ್ಟಿಯಾಗಿರುವುದು ನಿಜ. ಅವರು ಕೇಳುತ್ತಿರುವುದು ಸಹಾಯವನ್ನಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಿರಿಯ ಕಲಾವಿದರಿಗೆ ಕೊಡುವ ಮಾಸಾಶನ ಬರುತ್ತದೆ. ಸನ್ಮಾನದ ಶಾಲುಗಳೂ ಟ್ರಂಕಿನಲ್ಲಿವೆ. ಅವರಿಗೆ ಬೇಕಿರುವುದು ಕೆಲಸ. ಗೊತ್ತಿರುವ ವಿದ್ಯೆಯನ್ನು ಗೊತ್ತಿರುವವರ ಮುಂದೆ ಮಾಡಿ, ಅದಕ್ಕೆ ತಕ್ಕ ಕೂಲಿ ಪಡೆದು ಮನೆಗೆ ಬರುವುದು.

ಅವರ ವಿದ್ಯೆ ಎಲ್ಲಿಗೆ ಸರಿಹೊಂದುತ್ತದೆ ಎಂದು ನನಗೆ ಹೊಳೆದದ್ದು ನನ್ನ ತಂಗಿಯ ಮಗನಿಂದ. ಅವನು ಬೆಂಗಳೂರಿನ ಒಂದು ಗೇಮ್ ಕಂಪನಿಯಲ್ಲಿ ಶಬ್ದದ ಕೆಲಸ ಮಾಡುತ್ತಾನೆ. ಬೇಸಿಗೆಯಲ್ಲಿ ಊರಿಗೆ ಬಂದಾಗ ಲ್ಯಾಪ್‌ಟಾಪ್ ತೆರೆದು, ತಾನು ಬಿಡುವಿನಲ್ಲಿ ಗೆಳೆಯರ ಜೊತೆ ಕಟ್ಟುತ್ತಿರುವ ಆಟವೊಂದನ್ನು ತೋರಿಸಿದ. ಒಂದು ಕಾಡು, ಅದರಲ್ಲಿ ನಡೆಯುವ ಒಬ್ಬ ಹುಡುಗ. ಹುಡುಗ ಸುಮ್ಮನೆ ನಿಂತರೆ ಕೆಳಗಿನ ಶ್ರುತಿ ಮಾತ್ರ ಕೇಳುತ್ತದೆ. ನಡೆಯತೊಡಗಿದರೆ ಅದರ ಮೇಲೆ ಒಂದು ಸಣ್ಣ ಲಯ ಸೇರಿಕೊಳ್ಳುತ್ತದೆ. ತೋಳ ಹತ್ತಿರ ಬಂದರೆ ಮದ್ದಳೆಯಂಥದ್ದೊಂದು ದಪ್ಪ ದನಿ. ತೋಳ ದೂರವಾದರೆ ಆ ದನಿ ಥಟ್ಟನೆ ನಿಲ್ಲುವುದಿಲ್ಲ, ಹದವಾಗಿ ಇಳಿದು ಹೋಗುತ್ತದೆ. "ಸಿನಿಮಾಕ್ಕೆ ಸಂಗೀತ ಮಾಡೋರಿಗೆ ಯಾವ ಸೆಕೆಂಡಿಗೆ ಬಾಗಿಲು ತೆಗೀತದೆ ಅಂತ ಗೊತ್ತಿರುತ್ತೆ ಮಾವ, ನಮಗೆ ಗೊತ್ತಿರಲ್ಲ" ಅಂದ. ಆಡುವವನು ಬಾಗಿಲ ಮುಂದೆ ಹತ್ತು ಸೆಕೆಂಡ್ ನಿಂತಾನು, ಅರ್ಧ ಗಂಟೆ ನಿಂತಾನು, ವಾಪಸ್ಸೂ ಹೋದಾನು. ಅಷ್ಟು ಹೊತ್ತೂ ಸಂಗೀತ ಬೇಸರ ತರಿಸದೆ ಅವನ ಜೊತೆಗಿದ್ದು, ಅವನು ಒಳಗೆ ಕಾಲಿಟ್ಟ ಗಳಿಗೆಯಲ್ಲಿ ತಾನೂ ಕಾಲಿಡಬೇಕು.

ಈ ಕಸುಬಿಗೆ ಅದರದೇ ಚರಿತ್ರೆ ಇದೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಮಾಡಿದ ಸ್ಪೇಸ್ ಇನ್‌ವೇಡರ್ಸ್ ಆಟದಲ್ಲಿ ಇದ್ದದ್ದು ನಾಲ್ಕೇ ಸ್ವರ. ಮೇಲಿನಿಂದ ಇಳಿಯುವ ಶತ್ರುಗಳು ಹತ್ತಿರವಾದಷ್ಟೂ ಆ ನಾಲ್ಕು ಸ್ವರ ಬಿರುಸಾಗುತ್ತಿದ್ದವು, ಆಡುವವನ ಎದೆಯೂ ಅದರ ಜೊತೆ ಬಿರುಸಾಗುತ್ತಿತ್ತು. 1985ರ ಸೂಪರ್ ಮಾರಿಯೊ ಬ್ರದರ್ಸ್‌ಗೆ ಕೋಜಿ ಕೊಂಡೊ ರಾಗ ಕಟ್ಟಿದಾಗ ಆ ಯಂತ್ರದಲ್ಲಿ ದನಿ ಹೊರಡಲು ಐದೇ ದಾರಿ. ಗಡಿಯಾರ ನೂರಕ್ಕಿಂತ ಕೆಳಗಿಳಿದರೆ ಅದೇ ರಾಗ ಓಡತೊಡಗುತ್ತದೆ. 1991ರಲ್ಲಿ ಮಂಕಿ ಐಲ್ಯಾಂಡ್ ಎಂಬ ಆಟದ ಎರಡನೆಯ ಭಾಗಕ್ಕೆ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಒಂದು ವ್ಯವಸ್ಥೆಯನ್ನೇ ರೂಪಿಸಿದರು: ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದರೆ ರಾಗ ಕಡಿಯದೆ ಬಣ್ಣ ಬದಲಿಸಿಕೊಂಡು ಮುಂದುವರಿಯುತ್ತಿತ್ತು. ಇವತ್ತು ಈ ಕೆಲಸಕ್ಕೆ ಎಫ್‌ಮಾಡ್, ವೈಸ್ ಎಂಬ ತಂತ್ರಾಂಶಗಳಿವೆ. ಆಸ್ಟಿನ್ ವಿಂಟರಿ 2012ರ ಜರ್ನಿ ಆಟಕ್ಕೆ ಮಾಡಿದ ಸಂಗೀತ ಗ್ರ್ಯಾಮಿ ನಾಮನಿರ್ದೇಶನ ಪಡೆಯಿತು. ಆಟದ ಸಂಗೀತಕ್ಕೆಂದೇ ಗ್ರ್ಯಾಮಿಯಲ್ಲಿ ಪ್ರತ್ಯೇಕ ವಿಭಾಗ ಬಂದು 2023ರಲ್ಲಿ ಮೊದಲ ಸಲ ಸ್ಟೆಫನಿ ಇಕಾನೊಮು ಅವರಿಗೆ ಸಂದಿತು.

ತಂಗಿಯ ಮಗ ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹನೂರು ಕಡೆಯ ಒಂದು ರಾತ್ರಿ.

ಮಾದಪ್ಪನ ಪರ, ದೇವರ ಹೆಸರಿನ ಊಟ. ಮನೆಯ ಮುಂದೆ ಚಪ್ಪರ, ದೀಪದ ಎದುರಿಗೆ ನಮ್ಮ ತಂಬೂರಿಯವರು. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈಯಲ್ಲಿ ಗಗ್ಗರ. ಹಿಂದೆ ಹಿಮ್ಮೇಳದ ಮೂವರು, ಅವರಲ್ಲೊಬ್ಬರ ಬಳಿ ಡಕ್ಕೆ, ಇನ್ನೊಬ್ಬರ ಬಳಿ ತಾಳ. ಮನೆಯವರು ಮಾದಪ್ಪನ ಕತೆಯಲ್ಲಿ ಸಂಕಮ್ಮನ ಸಾಲು ಕೇಳಿದ್ದರು. ಆ ಸೀಮೆಯಲ್ಲಿ ಕೇಳುವುದೇ ಅದನ್ನು. ಯಳಂದೂರಿನ ಕಡೆ ಹೋದರೆ ಬಿಳಿಗಿರಿರಂಗ ಸೋಲಿಗರ ಕುಸುಮಾಲೆಗೆ ಮರುಳಾದ ಕತೆ ಆಗಬೇಕು, ಯಾಕೆಂದರೆ ಅಲ್ಲಿ ರಂಗಪ್ಪ ಸೋಲಿಗರ ಭಾವ. ಚಿಕ್ಕಲ್ಲೂರಿನಲ್ಲಾದರೆ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಗುರು ಹೇಳಿದಂತೆ ಹಲಗೂರ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋದ ಕತೆ.

ಸಂಕಮ್ಮನ ಸಾಲಿನಲ್ಲಿ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ಹೋಗುವ ಮುಂಚೆ ಹೆಂಡತಿ ಸಂಕಮ್ಮನ ಮೇಲೆ ಅನುಮಾನ. ಕೈ ಮೇಲೆ ಕೈಯಿಟ್ಟು ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಪುಸ್ತಕದಲ್ಲಿ ಓದಿದರೆ ಈ ಭಾಗ ಕೆಲವು ಪುಟದಲ್ಲಿ ಮುಗಿಯುತ್ತದೆ. ಆ ರಾತ್ರಿ ಅದು ಎಷ್ಟು ಹೊತ್ತು ನಡೆಯಿತೋ ಲೆಕ್ಕವಿಟ್ಟವರಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬಾಕೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ತಂಬೂರಿಯವರು ಅದನ್ನು ನೋಡಿದರು. ನೋಡಿ, ಮುಂದಿನ ಮಾತಿಗೆ ಹೋಗಲಿಲ್ಲ. ಸಂಕಮ್ಮ ಹೇಳಿದ್ದನ್ನೇ ಇನ್ನೊಂದು ಬಗೆಯಲ್ಲಿ ಹೇಳಿಸಿದರು, ಅವಳ ತವರನ್ನು ಕರೆಸಿದರು, ತಾಯಿಯನ್ನು ನೆನಪಿಸಿದರು. ಹಿಮ್ಮೇಳದವರು ಸೊಲ್ಲು ಹಿಡಿದು ಸುತ್ತುತ್ತಲೇ ಇದ್ದರು. ಆ ಹೆಂಗಸು ಮೂಗೊರೆಸಿಕೊಂಡು ನೆಟ್ಟಗೆ ಕೂತ ಮೇಲೇ ಕತೆ ಕದಲಿತು. ಇನ್ನೊಂದು ಹೊತ್ತಿನಲ್ಲಿ, ನಡುರಾತ್ರಿ ಮೀರಿದ ಮೇಲೆ, ಹಿಂದೆ ಕೂತ ಪಡ್ಡೆಹುಡುಗರ ತಲೆ ವಾಲತೊಡಗಿತು. ತಂಬೂರಿಯವರು ಡಕ್ಕೆಯವರತ್ತ ಅರೆಗಣ್ಣು ಬಿಟ್ಟರು ಅಷ್ಟೇ, ನಡೆ ಬಿರುಸಾಯಿತು. ಪದ ಬಿಟ್ಟು ಮಾತಿಗಿಳಿದರು, ಊರಿನದೇ ಒಂದು ಸುದ್ದಿಯನ್ನು ನೀಲೇಗೌಡನ ಬಾಯಲ್ಲಿ ಹಾಕಿ ನಗಿಸಿದರು. ನಡುವೆ ಮಳೆ ಹನಿಯಿತು. ದೀಪ ಎತ್ತಿಕೊಂಡು ಎಲ್ಲರೂ ಪಡಸಾಲೆಗೆ ಸರಿಯುವಷ್ಟೂ ಹೊತ್ತು ಹಿಮ್ಮೇಳದ ಸೊಲ್ಲು ನಿಲ್ಲಲಿಲ್ಲ. ಒಳಗೆ ಜನ ಕೂತು ನೆಲೆಯಾದ ಮೇಲೆ ಕತೆ ನಿಂತಲ್ಲಿಂದಲೇ ಮುಂದಕ್ಕೆ ಹೋಯಿತು.

ಆಟದ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಸೊಲ್ಲು ಬೇಕಾದಷ್ಟು ಹೊತ್ತು ಸುತ್ತಿ ಬರುವ ತುಣುಕು. ತಂಬೂರಿ ಎಂದೂ ನಿಲ್ಲದ ತಳದ ಪದರ. ಗಗ್ಗರ, ಡಕ್ಕೆ, ತಾಳ ಅದರ ಮೇಲೆ ಏರಿ ಇಳಿಯುವ ಪದರಗಳು. ಮಾತು ಒಂದು ನೆಲೆಯಿಂದ ಇನ್ನೊಂದು ನೆಲೆಗೆ ದಾಟಿಸುವ ಸೇತುವೆ. ನಿಶಿಕಾದೊ, ಕೊಂಡೊ, ಲ್ಯಾಂಡ್ ಯಂತ್ರಕ್ಕೆ ಕಷ್ಟಪಟ್ಟು ಕಲಿಸಿದ್ದನ್ನು ಯಳಂದೂರು, ಕೊಳ್ಳೇಗಾಲ, ಹನೂರು ಈ ಮೂರು ತಾಲ್ಲೂಕಿನ ನೀಲಗಾರರೂ ಮಾದಪ್ಪನ ದೇವರಗುಡ್ಡರೂ ತಲೆಮಾರುಗಳಿಂದ ಮನುಷ್ಯರ ಮುಖ ನೋಡಿಕೊಂಡೇ ಮಾಡುತ್ತ ಬಂದಿದ್ದಾರೆ. ಕೇಳುವವನು ಎಲ್ಲಿದ್ದಾನೆಂದು ನೋಡಿ ಸಂಗೀತವನ್ನು ಅಲ್ಲಿಗೆ ತರುವ ಕಲೆಯಲ್ಲಿ ಇವರನ್ನು ಮೀರಿಸಿದವರನ್ನು ನಾನು ಕೇಳಿಲ್ಲ. ಊರಭಿಮಾನದಿಂದ ಹೇಳುತ್ತಿಲ್ಲ, ಕಿವಿಯಿಂದ ಹೇಳುತ್ತಿದ್ದೇನೆ.

ಹಾಗಿದ್ದೂ ಸ್ಟುಡಿಯೊಗಳು ಈ ಕಲೆಯನ್ನು ಇವರಿಂದ ಕೇಳಲೇ ಇಲ್ಲ. ಮೈಸೂರು ಆಕಾಶವಾಣಿಯಲ್ಲಿ ಜನಪದ ಸಂಗೀತಕ್ಕೆ ಇದ್ದದ್ದು ಸಣ್ಣ ಅವಧಿ. ಅಲ್ಲಿ ಹೋಗಿ ಒಂದು ಸಾಲಿನ ಒಂದು ಮೂಲೆ ಹಾಡಿ ಬರಬೇಕು. ಆದರೂ ರೇಡಿಯೊದವರು ದನಿಗೆ ಕೈ ಹಚ್ಚಲಿಲ್ಲ, ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು. ಕ್ಯಾಸೆಟ್ ಬಂದ ಮೇಲೆ ಊರೂರಿನ ಟೀ ಅಂಗಡಿಯಲ್ಲಿ, ಬೆಟ್ಟದ ಬಸ್ಸಿನಲ್ಲಿ ಮಾದಪ್ಪನ ಹಾಡು ಮೊಳಗಿತು. ಕಂಸಾಳೆ ಮಹದೇವಯ್ಯ, ಮೈಸೂರು ಗುರುರಾಜ್ ಅವರ ದನಿ ಮನೆಮನೆಗೆ ಗೊತ್ತಾಯಿತು. ಅದು ದೊಡ್ಡ ಉಪಕಾರವೇ. ಆದರೆ ಕ್ಯಾಸೆಟ್ಟಿನ ಒಂದು ಮಗ್ಗಲು ಅರ್ಧ ಗಂಟೆ. ಇಡೀ ರಾತ್ರಿಯ ಕತೆ ಎರಡು ಮಗ್ಗಲಿಗೆ ಇಳಿಯಬೇಕು. ನಮ್ಮ ತಂಬೂರಿಯವರು ಹೇಳುವ ಪ್ರಕಾರ ಮೊದಲು ಕತ್ತರಿ ಬಿದ್ದದ್ದು ಸೊಲ್ಲಿಗೆ. "ಅದನ್ನೇ ಎಷ್ಟು ಸಲ ಹೇಳ್ತೀರಿ" ಎಂದರಂತೆ ಗಾಜಿನ ಆಚೆ ಕೂತವರು. ಆಮೇಲೆ ತಂಬೂರಿಯ ಶ್ರುತಿಯನ್ನು ಕೀಬೋರ್ಡಿಗೆ ಸರಿಯಾಗಿ ಏರಿಸಿದರು. ಹಿಮ್ಮೇಳದವರನ್ನು ಊರಿಗೆ ಕಳಿಸಿ ಕೋರಸ್ ಹುಡುಗಿಯರನ್ನು ಕೂರಿಸಿದರು. ಕಿವಿಗೆ ಹೆಡ್‌ಫೋನ್ ಕೊಟ್ಟು, ಟಿಕ್ ಟಿಕ್ ಎನ್ನುವ ಕ್ಲಿಕ್ಕಿಗೆ ಸರಿಯಾಗಿ ಹಾಡಿ ಎಂದರು. ಎದುರಿಗೆ ಒಂದು ಮುಖವೂ ಇಲ್ಲ. "ಗೋಡಗ ಕತ ಯೋಳ್ದಂಗಾಯ್ತು" ಎನ್ನುತ್ತಾರೆ.

ಹಣವೂ ಹಾಗೇ. ಒಂದು ಸಲ ಕೈಗೆ ಕೊಟ್ಟದ್ದೇ ಕೊನೆ. ಕಾವ್ಯಕ್ಕೆ ಕವಿಯ ಹೆಸರಿಲ್ಲವಾದ್ದರಿಂದ ಸಾಹಿತ್ಯದ ರಾಯಧನ ಇಲ್ಲ. ಹಾಡಿದವನ ಹಕ್ಕು ಎಂಬುದು ನಮ್ಮ ಕೃತಿಸ್ವಾಮ್ಯ ಕಾನೂನಿನಲ್ಲಿ ಸೇರಿದ್ದು 1994ರ ತಿದ್ದುಪಡಿಯಿಂದ. ಹಾಡಿದವನಿಗೆ ರಾಯಧನದ ಪಾಲು ಬಂದದ್ದು 2012ರ ತಿದ್ದುಪಡಿಯಿಂದ. ನಮ್ಮವರು ಕ್ಯಾಸೆಟ್ಟಿಗೆ ಹಾಡಿ ಹೆಬ್ಬೆಟ್ಟು ಒತ್ತಿ ಬಂದದ್ದು ಇವೆರಡಕ್ಕೂ ಮುಂಚೆ. ಅಂದು ಹಾಡಿದ್ದು ಇಂದು ಯಾವ ಯಾವ ಮೊಬೈಲಿನಲ್ಲಿ ಓಡುತ್ತಿದೆಯೋ ಅವರಿಗೆ ತಿಳಿಯದು. ವಿದ್ವಾಂಸರು ಈ ವಿಷಯದಲ್ಲಿ ವಾಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಲೆಯ ಮಾದೇಶ್ವರ ಕಾವ್ಯವನ್ನು ಅಚ್ಚು ಹಾಕಿದಾಗ ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಎಂದು ದಾಖಲಿಸಿತು. ಅಷ್ಟಾದರೂ ಆಗಬೇಕು.

ಬೆಂಗಳೂರಿನಲ್ಲಿ ಗೇಮ್ ಉದ್ಯಮ ಹೊಸದೇನಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರ್ಯಾಕ್ಟಿವ್ ಕಂಪನಿಯನ್ನು ಶುರುಮಾಡಿದ್ದು 1997ರಲ್ಲಿ, ನಮ್ಮ ಚಾಮರಾಜನಗರ ಬೇರೆ ಜಿಲ್ಲೆಯಾದ ವರ್ಷವೇ. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಕೈಗೆ ಹೋಯಿತು. 2012ರಲ್ಲೇ ಕರ್ನಾಟಕ ಸರ್ಕಾರ ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ನೀತಿ ರೂಪಿಸಿತು. ಚಿತ್ರ ಬಿಡಿಸುವ, ಚಲನೆ ಕೊಡುವ, ದೋಷ ಹುಡುಕುವ ಕೆಲಸ ಇಲ್ಲಿಗೆ ಧಾರಾಳವಾಗಿ ಬರುತ್ತದೆ. ಸಂಗೀತ ಕಟ್ಟುವ ಕೆಲಸ ಬರುವುದು ಅಪರೂಪ. 2020ರಲ್ಲಿ ಪುಣೆಯ ನೋಡಿಂಗ್ ಹೆಡ್ಸ್ ತಂಡ ನಮ್ಮ ಪುರಾಣದ ಮೇಲೆ ರಾಜಿ ಎಂಬ ಸೊಗಸಾದ ಆಟ ಹೊರತಂದಿತು. ಅದಕ್ಕೆ ಸಂಗೀತ ಗ್ರೀಸಿನ ಲಿನೋಸ್ ಟ್ಜೆಲೋಸ್ ಅವರದು. ಅವರು ಮಾಡಬಾರದಿತ್ತು ಎಂದು ನಾನು ಹೇಳುವುದಿಲ್ಲ, ಸಂಗೀತಕ್ಕೆ ಪಾಸ್‌ಪೋರ್ಟ್ ಕೇಳುವವನು ನಾನಲ್ಲ. ಇಲ್ಲಿಯವರನ್ನೂ ಕರೆದು ಕೇಳಿ ಎನ್ನುತ್ತೇನೆ. ಹೊರದೇಶಗಳಲ್ಲೂ ಈ ಕಸುಬಿನ ಹಿರಿಯರಿಗೆ ಕಾಲ ಸರಿಯಿಲ್ಲ. 2023, 2024ರಲ್ಲಿ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದವು. ಹೆಚ್ಚಿನ ಸಂಗೀತ ಸಂಯೋಜಕರು ಸಂಬಳದವರಲ್ಲ, ಒಂದೊಂದು ಆಟಕ್ಕೆ ಒಪ್ಪಿಕೊಂಡು ದುಡಿಯುವವರು. ದೊಡ್ಡ ಆಟಗಳಿಗೆ ರಾಗ ಕಟ್ಟಿದವರೂ ಕೆಲಸ ಕೇಳಿಕೊಂಡು ಅಲೆಯುತ್ತಿದ್ದಾರೆ ಎಂದು ನನ್ನ ತಂಗಿಯ ಮಗ ಹೇಳುತ್ತಾನೆ. ಆ ಸುದ್ದಿಯನ್ನು ತಂಬೂರಿಯವರಿಗೆ ದಾಟಿಸಿದೆ. "ಅವ್ರ್ಗೂ ನಮ್ಮಂಗೇಯಾ?" ಎಂದು ಬಹಳ ಹೊತ್ತು ಯೋಚಿಸಿ, ಅವರಿಗೆ ಮಕ್ಕಳು ಮರಿ ಇದ್ದಾರೆಯೇ ಎಂದು ಕೇಳಿದರು.

ಒಂದು ಭಾನುವಾರ ಇಬ್ಬರನ್ನೂ ನಮ್ಮ ಮನೆಯಲ್ಲಿ ಕೂರಿಸಿದೆ. ಹುಡುಗ ತನ್ನ ಆಟ ತೆರೆದು ಲ್ಯಾಪ್‌ಟಾಪಿನ ಶಬ್ದ ಪೂರ್ತಿ ನಿಲ್ಲಿಸಿದ. ತಂಬೂರಿಯವರು ಶ್ರುತಿ ಮಾಡಿಕೊಂಡು ಪರದೆಯತ್ತ ನೋಡಿ, "ಈ ಕೂಸಿನ ಹೆಸರೇನು?" ಎಂದರು. ಹೆಸರಿಟ್ಟಿಲ್ಲ ಎಂದ ಹುಡುಗ. ಹೆಸರಿಲ್ಲದವನ ಕತೆ ಹೇಳುವುದು ಹೇಗೆ? ಕಾರಯ್ಯ ಎಂದು ಕರೆಯೋಣ ಎಂದು ಅವರೇ ತೀರ್ಮಾನಿಸಿದರು. ಕಾರಯ್ಯ, ಬಿಲ್ಲಯ್ಯ ಸಂಕಮ್ಮನಿಗೆ ಮಾದಪ್ಪನ ವರದಿಂದ ಹುಟ್ಟಿದ ಮಕ್ಕಳು. ಯಾವ ಕಾಡು ಎಂದು ಮತ್ತೆ ಕೇಳಿದರು. ಅದಕ್ಕೂ ಹೆಸರಿರಲಿಲ್ಲ. ಪೊನ್ನಾಚಿ ಮಲೆ ಅಂದುಕೊಳ್ಳಿ ಎಂದೆ. ಆಮೇಲೆ ಶುರುವಾಯಿತು.

ಕಾರಯ್ಯ ನಡೆದ, ಗಗ್ಗರ ನಡೆಯಿತು. ಹಳ್ಳದ ದಡಕ್ಕೆ ಬಂದಾಗ ಹುಡುಗ ಬೇಕೆಂದೇ ಅವನನ್ನು ನಿಲ್ಲಿಸಿದ. ಗಗ್ಗರ ನಿಂತಿತು, ತಂಬೂರಿ ಮಾತ್ರ ಉಳಿಯಿತು, ಅದರ ಮೇಲೆ ಒಂದೇ ಸ್ವರದ ಎಳೆ. ಹುಡುಗ ಕಾರಯ್ಯನನ್ನು ಹಿಂದಕ್ಕೆ ತಿರುಗಿಸಿದ, ಮತ್ತೆ ಹಳ್ಳದತ್ತ ತಂದ, ಮತ್ತೆ ನಿಲ್ಲಿಸಿದ. ತಂಬೂರಿಯವರ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಕಾರಯ್ಯ ನೀರಿಗೆ ಕಾಲಿಟ್ಟ ಗಳಿಗೆಗೆ ಪದ ಎದ್ದಿತು, ನೀರಿನ ತಂಪಿನ ಮೇಲೆ, ಅಲ್ಲೇ ಹುಟ್ಟಿದ ಪದ. ಆಮೇಲೆ ತೋಳ ಬಂತು. ಇಲ್ಲಿ ನಾವಿಬ್ಬರೂ ಡೋಲಿನಂಥ ಆರ್ಭಟ ನಿರೀಕ್ಷಿಸಿದ್ದೆವು. ಅವರು ಹಾಡನ್ನೇ ನಿಲ್ಲಿಸಿದರು. ತಂತಿಯ ಮೇಲೆ ಅಂಗೈ ಊರಿ, ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು: ಹಿಂದಕ್ಕೆ ನೋಡಬೇಡ ಕಣೋ ಮಗ, ಅದಕ್ಕೆ ನಿನ್ನ ಬೆನ್ನು ಕಂಡರೆ ಸಾಕು. ಹುಡುಗನ ಕೈ ಕೀಲಿಗಳ ಮೇಲೆ ಹಾಗೇ ನಿಂತುಬಿಟ್ಟಿತು. ತಾನೇ ಕಟ್ಟಿದ ತೋಳಕ್ಕೆ ತಾನೇ ಹೆದರಿದ್ದನ್ನು ಅವನ ಮುಖದಲ್ಲಿ ನೋಡಿದೆ.

ಅವನು ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಹೋಗಿ ತನ್ನ ಕಂಪನಿಯಲ್ಲಿ ಕೇಳಿಸಿದ. ಕೇಳಿದವರು ಮೆಚ್ಚಿದರು. ಮೆಚ್ಚಿ, ಇಂಥ ದನಿಯ ಚಿಕ್ಕ ಚಿಕ್ಕ ತುಣುಕುಗಳು ಬೇಕು, ಪದಗಳಿಲ್ಲದೆ, ಬರಿಯ ಆಲಾಪ, ಒಟ್ಟಾಗಿ ಒಂದು ಬೆಲೆಗೆ, ಮುಂದೆ ಯಾವ ಆಟಕ್ಕಾದರೂ ಬಳಸುವ ಹಕ್ಕಿನೊಡನೆ ಎಂದರು. ಇದು ನನಗೆ ಒಪ್ಪಿಗೆಯಾಗಲಿಲ್ಲ. ದನಿಯನ್ನು ಕೊಂಡು ಮನುಷ್ಯನನ್ನು ಬಾಗಿಲಾಚೆ ನಿಲ್ಲಿಸುವುದು ಕ್ಯಾಸೆಟ್ಟಿನ ಕಾಲಕ್ಕೇ ಸಾಕಾಗಿದೆ. ಅವರ ವಿದ್ಯೆ ಇರುವುದು ಗಂಟಲಿನಲ್ಲಿ ಮಾತ್ರವಲ್ಲ, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನದಲ್ಲಿ. ತೋಳದ ಮುಂದೆ ಸುಮ್ಮನಾದದ್ದನ್ನು ಯಾವ ತುಣುಕಿನಲ್ಲಿ ಮಾರುವುದು? ಕತೆ ಬಿಟ್ಟು ದನಿ ಮಾತ್ರ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2020ರಲ್ಲಿ ಮಾದಪ್ಪನ ಕೋಲುಮಂಡೆ ಹಾಡಿಗೆ ರ್‍ಯಾಪ್ ರೂಪ ಕೊಟ್ಟಾಗ ಸಂಕಮ್ಮನನ್ನು ತೋರಿಸಿದ ಬಗೆಗೆ ಈ ಸೀಮೆಯ ಭಕ್ತರ ಮನಸ್ಸು ನೊಂದು, ವಿಡಿಯೊವನ್ನು ಹಿಂದಕ್ಕೆ ತೆಗೆಯಬೇಕಾಯಿತು. ಕತೆ ಬಲ್ಲ ಒಬ್ಬ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ.

ಕಂಪನಿಯ ಮಾತನ್ನು ತಂಬೂರಿಯವರಿಗೆ ಇದ್ದದ್ದು ಇದ್ದಂತೆ ತಿಳಿಸಿದೆ, ತೀರ್ಮಾನ ಅವರದು. ಕೋಪಿಸಿಕೊಳ್ಳಲಿಲ್ಲ. ಯಾವ ಆಟಕ್ಕೆ ಎಂದು ಕೇಳಿದರು. ಕೋವಿ ಹಿಡಿದು ಓಡಾಡುವ ಆಟವೂ ಇರಬಹುದು ಎಂದೆ. ಸಂಜೆಯಾದರೆ ನಮ್ಮ ಬಸ್ ನಿಲ್ದಾಣದ ಬೆಂಚುಗಳ ಮೇಲೆ ಹುಡುಗರು ಆಡುವಂಥದ್ದು. "ಕೊಲ್ಲೋ ಆಟಕ್ಕ ಸಾಮಿ ಪದ ಆಡಕ್ಕಿಲ್ಲ" ಎಂದರು. ನಡೆಯುವ ಆಟ, ಹುಡುಕುವ ಆಟ, ಕಾಡು ಮೇಡಿನ ಆಟವಾದರೆ ಸರಿ. ಬೇಕಾದರೆ ಸ್ವಾಮಿಯ ಹೆಸರು ಬರದಂತೆ ಹೊಸ ಪದವನ್ನೇ ಕಟ್ಟಿಕೊಡುತ್ತಾರೆ. ಮಾದಪ್ಪನ ಎಪ್ಪತ್ತೇಳು ಮಲೆಯಲ್ಲಿ ಯಾವ ಮರದ ಕೆಳಗೆ ಯಾವ ಹಕ್ಕಿ ಎಂದು ಹೇಳಬಲ್ಲವರಿಗೆ ಕಾಡಿನ ಪದಕ್ಕೆ ಬರವೇ?

ತಂಗಿಯ ಮಗ ಈಗ ಗೆಳೆಯರ ಆಟಕ್ಕೇ ಅವರನ್ನು ಕರೆಯುತ್ತಿದ್ದಾನೆ. ದುಡ್ಡು ದೊಡ್ಡದಲ್ಲ. ಆದರೆ ಕಾಗದದ ಮೇಲೆ ಒಪ್ಪಂದ ಬರೆದು ಕನ್ನಡದಲ್ಲಿ ಓದಿ ಹೇಳಿದ್ದಾನೆ. ಆಟ ಮಾರಾಟವಾದರೆ ಪಾಲು, ಕೊನೆಯ ಪಟ್ಟಿಯಲ್ಲಿ ಸಂಗೀತ ಎಂಬ ತಲೆಬರಹದ ಕೆಳಗೆ ಅವರ ಹೆಸರು, ಹಿಮ್ಮೇಳದ ಮೂವರ ಹೆಸರು. ಅವರ ಕಡೆಯಿಂದಲೂ ಕೆಲವು ಷರತ್ತು. ಕ್ಲಿಕ್ ಬೇಡ. ಹಿಮ್ಮೇಳವನ್ನು ಬೇರೆ ದಿನ ಬೇರೆಯಾಗಿ ತೆಗೆಯುವುದು ಬೇಡ, ನಾಲ್ವರೂ ಒಟ್ಟಿಗೆ ಕೂರಬೇಕು. ರೆಕಾರ್ಡಿಂಗ್ ರಾತ್ರಿ ಹೊತ್ತಿಗೆ ಇರಲಿ, ಹಗಲು ದನಿ ತೆರೆದುಕೊಳ್ಳುವುದಿಲ್ಲ. ಗಾಜಿನ ಈಚೆಗೆ, ಅವರ ಎದುರಿಗೇ, ಯಾರಾದರೂ ಒಬ್ಬರು ಕೂತು ಆಟ ಆಡುತ್ತಿರಬೇಕು. ಪುಷ್ಯದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆಯ ಐದು ದಿನ ಬಿಟ್ಟು ಯಾವಾಗ ಕರೆದರೂ ಬರುತ್ತಾರೆ. ಡಕ್ಕೆ ನುಡಿಸುವವರು ಹನೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುವುದರಿಂದ ಅವರಿಗೆ ಮಾತ್ರ ಒಂದು ವಾರ ಮುಂಚೆ ತಿಳಿಸಬೇಕು, ಎರಡು ದಿನದ ಕೂಲಿಯನ್ನೂ ಕಟ್ಟಿಕೊಡಬೇಕು.